ಟರ್ಪಾಲು ಮೀಮಾಂಸೆ

ಶಾಸ್ತ್ರಗ್ರಂಥವೆಂದ ಮೇಲೆ ಮಂಗಳಾಚರಣೆ ಇರಬೇಕು. ಈ ಗ್ರಂಥದ ಮಂಗಳಾಚರಣೆಯನ್ನು ಮೇ 31ರ ಸಂಜೆ ದಕ್ಕೆಯಲ್ಲೇ ಮುಗಿಸಿದ್ದೇನೆ. ಹಗ್ಗ ಕಾಲಿಗೆ ತೊಡರಿ ಅಡ್ಡಬಿದ್ದಾಗ ಬಾಯಿಗೆ ಬಂದ ದೇವರ ಹೆಸರುಗಳೆಲ್ಲ ಅದರಲ್ಲಿವೆ. ಆದ್ದರಿಂದ ನೇರ ವಿಷಯಕ್ಕೆ.

ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆಯಿಟ್ಟು ಮರಿ ಮಾಡಲಿ ಎಂಬುದು ಸರಕಾರದ ಸದಾಶಯ. ಆ 61 ದಿನಗಳಲ್ಲಿ ಶಿರೂರಿನಿಂದ ಕೋಡಿಬೆಂಗ್ರೆಯವರೆಗೆ ಇನ್ನೊಂದು ಸಂತತಿಯೂ ಬೆಳೆಯುತ್ತದೆ. ಅದರ ಲೆಕ್ಕ ಯಾವ ಇಲಾಖೆಯಲ್ಲೂ ಇಲ್ಲ. ಗಂಗೊಳ್ಳಿ ದಕ್ಕೆಗೆ ಹೋಗಿ ನೋಡಿ, ಕೊಡೇರಿಯಲ್ಲಿ ನೋಡಿ, ಹಂಗಾರಕಟ್ಟೆಯಲ್ಲಿ ನೋಡಿ: ನೀಲಿ, ಹಳದಿ, ಕಪ್ಪು ಟರ್ಪಾಲುಗಳು. ಸಾಲಿಗ್ರಾಮ, ಪೆರ್ಡೂರಿನಂಥ ಯಕ್ಷಗಾನದ ಡೇರೆ ಮೇಳಗಳು ಡೇರೆ ಮಡಚುವ ಹೊತ್ತಿಗೆ ನಮ್ಮ ದೋಣಿಗಳು ಡೇರೆ ಬಿಚ್ಚುತ್ತವೆ. ಒಳಗೆ ಆಟ ಮಾತ್ರ ಇರುವುದಿಲ್ಲ ಎಂದುಕೊಂಡಿದ್ದೆ. ಮಾವನ ಕಾಲದ ಇಪ್ಪತ್ತಡಿ ಮರದ ದೋಣಿಯೊಂದು ನನ್ನ ಪಾಲಿಗೆ ಬಂದ ಮೇಲೆ ಆಟ ಇರುತ್ತದೆಂದೂ, ಅದರಲ್ಲಿ ಹಾಸ್ಯಗಾರ ಯಾರೆಂದೂ ತಿಳಿಯಿತು.

ಮೊದಲು ನಿರುಕ್ತಿ. ಟಾರ್ ಎಂದರೆ ಡಾಂಬರು, ಪಾಲ್ ಎಂದರೆ ಮುಸುಕು. ಹಿಂದೆ ಹಡಗಿನವರು ದಪ್ಪಬಟ್ಟೆಗೆ ಡಾಂಬರು ಬಳಿದು ಸರಕಿಗೆ ಹೊದಿಸುತ್ತಿದ್ದರು. ಇಂಗ್ಲಿಷರು ಡಾಂಬರಿನ ಹೆಸರನ್ನು ಕೊನೆಗೆ ನಾವಿಕನಿಗೇ ಇಟ್ಟರು. ಇದು ಪರದೇಶದ ಮತ. ಉತ್ತರ ಕರ್ನಾಟಕದ ಕಡೆ ಇದೇ ವಸ್ತುವನ್ನು ತಾಡಪತ್ರಿ ಎನ್ನುತ್ತಾರೆ. ನನ್ನ ಮೂಲ ಸಂಶೋಧನೆ ಇಲ್ಲಿಂದ ಶುರು. ತಾಡಪತ್ರವೆಂದರೆ ತಾಳೆಗರಿಯ ಓಲೆ, ನಮ್ಮ ಹಿರಿಯರು ಕಾವ್ಯ ಬರೆದದ್ದು ಅದರ ಮೇಲೆ. ಹಾಗಾದರೆ ಹಳಗನ್ನಡದ ಅಷ್ಟೊಂದು ಕೃತಿಗಳು ಕಳೆದುಹೋದದ್ದು ಎಲ್ಲಿಗೆ? ದೋಣಿಗೆ ಹೊದಿಸಲು ಹೋಗಿವೆ ಎಂಬುದು ನನ್ನ ದೃಢ ಅಭಿಪ್ರಾಯ. ಈ ಮಾತನ್ನು ಒಬ್ಬ ಪ್ರಾಧ್ಯಾಪಕರ ಮುಂದೆ ಹೇಳಿದೆ. ಅವರು ತುಂಬಾ ಹೊತ್ತು ಸುಮ್ಮನಿದ್ದರು. ಮೌನಂ ಸಮ್ಮತಿ.

ಇತಿಹಾಸದ ಸಾಕ್ಷ್ಯ ಕೇಳುವವರು ಬಸ್ರೂರಿಗೆ ಬರಲಿ. ಶಿವಾಜಿ ಹಡಗು ಕಟ್ಟಿಕೊಂಡು ಇಲ್ಲಿಗೆ ದಂಡೆತ್ತಿ ಬಂದದ್ದು 1665ರ ಫೆಬ್ರವರಿಯಲ್ಲಿ. ಫೆಬ್ರವರಿಯೇ ಯಾಕೆ? ರಾಜಕೀಯ ಕಾರಣಗಳನ್ನು ಇತಿಹಾಸಕಾರರು ಹುಡುಕಿಕೊಳ್ಳಲಿ. ಅಷ್ಟು ಹಡಗುಗಳಿಗೆ ಹೊದಿಕೆ ಹೊಂದಿಸುವ ರಗಳೆ ಬೇಡವೆಂದೇ ಎಂದು ನಾನು ಬಲ್ಲೆ. ಇನ್ನೂ ಹಿಂದಕ್ಕೆ ಹೋದರೆ, ಆಕ್ಸಿರಿಂಕಸ್‌ನ 413ನೇ ಪಪೈರಸ್ಸಿನ ಗ್ರೀಕ್ ಪ್ರಹಸನದಲ್ಲಿ ವಿದ್ವಾಂಸರು ಕನ್ನಡದ ಮಾತು ಹುಡುಕಿದ್ದಾರೆ. ನಾನು ಟರ್ಪಾಲು ಹುಡುಕಿದೆ. ಇಲ್ಲ.

ಇನ್ನು ಲಕ್ಷಣ. 'ಮಳೆಯನ್ನು ತಡೆಯುವುದೇ ಹೊದಿಕೆ' ಎಂದು ಪೂರ್ವಪಕ್ಷ. ತರ್ಕಶಾಸ್ತ್ರ ಹೇಳುವ ಮೂರೂ ದೋಷಗಳು ಇದರಲ್ಲಿವೆ. ನನ್ನ ಮನೆಯ ತೂತುಬಿದ್ದ ಟರ್ಪಾಲು ಮಳೆ ತಡೆಯುವುದಿಲ್ಲ, ಆದರೂ ಅದನ್ನು ಹೊದಿಕೆಯೆಂದೇ ಕರೆಯುತ್ತೇವೆ, ಇದು ಅವ್ಯಾಪ್ತಿ. ಮಾಬುಕಳ ಸೇತುವೆಯ ಅಡಿಗೆ ದೋಣಿ ತಂದು ಕಟ್ಟಿದರೆ ಸೇತುವೆಯೂ ಮಳೆ ತಡೆಯುತ್ತದೆ, ಹಾಗೆಂದು ಹೆದ್ದಾರಿ ಪ್ರಾಧಿಕಾರದವರು ಹೊದಿಕೆ ಕಟ್ಟಿದ್ದಾರೆ ಎನ್ನಲಾದೀತೆ? ಇದು ಅತಿವ್ಯಾಪ್ತಿ. ಮೂರನೆಯದು ಅಸಂಭವ. ಮರವಂತೆಯಲ್ಲಿ ಆರಿದ್ರಾ ಮಳೆ ಮೇಲಿನಿಂದ ಬೀಳುವುದೇ ಇಲ್ಲ. ಪಡುವಣ ಕಡಲಿನಿಂದ ಅಡ್ಡಡ್ಡ ಬಂದು, ಹೆದ್ದಾರಿ ದಾಟಿ, ಸೌಪರ್ಣಿಕೆಗೆ ಬೀಳುತ್ತದೆ. ಮೇಲೆ ಏನು ಹೊದಿಸಿದರೇನು?

ದ್ರವ್ಯವಿಚಾರಕ್ಕೆ ಬಂದರೆ, ಪ್ರಾಚೀನರದ್ದು ಮಡಲಿನ ಪಂಥ. ತೆಂಗಿನ ಮಡಲು ಹೆಣೆದು ಚಪ್ಪರ ಹಾಕುವುದು. ಗದ್ದೆಯಲ್ಲಿ ನಾಟಿ ಮಾಡುವವರ ಬೆನ್ನಿಗೆ ಗೊರಬು ಹೇಗೋ ದೋಣಿಗೆ ಇದು ಹಾಗೆ. ಹೆಣೆಯುವವರು ಕಡಿಮೆಯಾದರು, ಪಂಥ ಕ್ಷೀಣಿಸಿತು. ನವ್ಯರದ್ದು ನೀಲಿ ಟರ್ಪಾಲು: ಅಗ್ಗ, ಹಗುರ, ಬಿಸಿಲು ತಾಗಿದರೆ ಹಪ್ಪಳ. ನವ್ಯೋತ್ತರರು ಹಳದಿ ಸಿಲ್ಪಾಲಿನ್‌ನವರು. ಜಿಎಸ್‌ಎಂ ಎಷ್ಟು ಎಂದು ಕೇಳದೆ ಮಾತೇ ಆಡುವುದಿಲ್ಲ. ಜಿಎಸ್‌ಎಂ ಎಂದರೆ ಚದರ ಮೀಟರಿಗೆ ಎಷ್ಟು ಗ್ರಾಂ ತೂಕ ಎಂಬ ಲೆಕ್ಕ. 90 ಎಂದರೆ ಸಾಮಾನ್ಯ, 200 ಎಂದರೆ ಮನೆತನಸ್ಥರು.

ಇವರಾರಿಗೂ ಸೇರದ ಬಂಡಾಯದ ಪಂಥ ಫ್ಲೆಕ್ಸಿನದ್ದು. ಫ್ಲೆಕ್ಸ್ ಬ್ಯಾನರುಗಳನ್ನು ರಾಜ್ಯ ಸರಕಾರ 2016ರಲ್ಲೇ ನಿಷೇಧಿಸಿದೆ. ನಿಷೇಧಿತ ವಸ್ತುಗಳು ನಿಷೇಧದ ಅವಧಿಯಲ್ಲಿ ನಿಷೇಧಿತ ಬೋಟುಗಳ ಮೇಲೆ ಇರುವುದು ನ್ಯಾಯವೇ. ಬ್ರಹ್ಮಕಲಶೋತ್ಸವ, ಕಬಡ್ಡಿ ಪಂದ್ಯಾಟ, ಹುಟ್ಟುಹಬ್ಬದ ಶುಭಾಶಯ, ಎಲ್ಲಕ್ಕೂ ಇಲ್ಲೇ ಮೋಕ್ಷ. ಆದರೆ ಮುಖ ಮೇಲೋ ಕೆಳಗೋ? ಇಲ್ಲಿ ಆಚಾರ್ಯರಲ್ಲಿ ಭಿನ್ನಾಭಿಪ್ರಾಯವಿದೆ. ಮೇಲ್ಮುಖವಾಗಿ ಹಾಸಿದರೆ ನಾಯಕರು ಎರಡು ತಿಂಗಳು ಕೈಮುಗಿದುಕೊಂಡೇ ನೆನೆಯುತ್ತಾರೆ. ಕೆಳಮುಖವಾದರೆ, ದೋಣಿಯ ನೀರು ಮೊಗೆಯಲು ಒಳಗೆ ನುಸುಳಿದವನಿಗೆ ಅರೆಗತ್ತಲಲ್ಲಿ ಯಾರೋ ತಲೆಯ ಮೇಲೇ ನಗುತ್ತಿರುವಂತೆ ಕಂಡು ಎದೆ ಝಲ್ಲೆನ್ನುತ್ತದೆ. ಇದು ಗ್ರಂಥಾಂತರದ ಮಾತಲ್ಲ, ಸ್ವಾನುಭವ.

ನಾನು ಕೊನೆಗೆ ಕೊಂಡದ್ದು ನೀಲಿಯದು, 90 ಜಿಎಸ್‌ಎಂ, ಐದು ವರ್ಷದ ಗ್ಯಾರಂಟಿ ಚೀಟಿ ಸಮೇತ. ಅಂಗಡಿಯ ಹೆಸರು ಬೇಡ; ಅವರು ಇವತ್ತಿಗೂ ನನ್ನನ್ನು ನೋಡಿದರೆ ನಮಸ್ಕಾರ ಹೇಳುತ್ತಾರೆ. ದೋಣಿಯ ಅಂಚಿಗೆ ಸರಿಯಾಗಿ ಎಳೆದು, ಪ್ರತಿ ಕಣ್ಣಿಗೂ ಹಗ್ಗ ಪೋಣಿಸಿ, ತಬಲದ ಚರ್ಮದ ಹಾಗೆ ಬಿಗಿದು ಕಟ್ಟಿದೆ. ಬೆರಳಲ್ಲಿ ತಟ್ಟಿದರೆ ನಾದ ಬರುತ್ತಿತ್ತು. ಗಾಳಿಗೂ ಸಂದು ಬಿಟ್ಟಿರಲಿಲ್ಲ.

ಈಗ ಗಣಿತಕಾಂಡ. ನಮ್ಮ ಜಿಲ್ಲೆಗೆ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಬಿದ್ದರೆ ಒಂದು ಲೀಟರ್, ಅಂದರೆ ಒಂದು ಕಿಲೋ. ನನ್ನ ದೋಣಿಯ ಬಾಯಿ ಒಂಬತ್ತು ಚದರ ಮೀಟರ್. 100 ಮಿಲಿಮೀಟರ್ ಸುರಿದ ರಾತ್ರಿ ಅದರ ಮೇಲೆ ಬಿದ್ದದ್ದು 900 ಕಿಲೋ. ಕಾಲುಭಾಗ ನಿಂತಿತೆಂದರೂ 225 ಕಿಲೋ, ನಾಲ್ಕೂವರೆ ಮುಡಿಯಲ್ಲ, ನಾಲ್ಕೂವರೆ ಚೀಲ ಅಕ್ಕಿ. ಹೊತ್ತುಕೊಂಡದ್ದು ಯಾರು? ಹೆಚ್ಚೆಂದರೆ ಒಂದು ಕಿಲೋ ತೂಗುವ ಬಟ್ಟೆ.

ಬೆಳಿಗ್ಗೆ ಹೋಗಿ ನೋಡಿದರೆ ಟರ್ಪಾಲಿನ ನಡುವೆ ಕೆರೆ. ಅದರಲ್ಲಿ ಒಂದು ಮಾವಿನೆಲೆ, ಎರಡು ಕಪ್ಪೆ. ಕೆರೆಯ ತಳದಿಂದ ದೋಣಿಯೊಳಕ್ಕೆ ತೊಟ್ಟು ತೊಟ್ಟಾಗಿ ನೀರು. ನಾನು ಅಡಿಯಿಂದ ಕೈಕೊಟ್ಟು ಕೆರೆಯನ್ನು ಎತ್ತಲು ಹೋದೆ. ಮೂಲೆಯ ಹಿತ್ತಾಳೆಯ ಕಣ್ಣು ಮೆಲ್ಲಗೆ ಉದ್ದವಾಗಿ, ಮೊಟ್ಟೆಯಾಕಾರವಾಗಿ, ಪಟ್ ಎಂದು ಬಟ್ಟೆಯಿಂದ ಕಳಚಿ ನನ್ನ ಕಿವಿಯ ಪಕ್ಕದಲ್ಲೇ ಹಾರಿತು. ಅದರ ಹಿಂದೆಯೇ ಕೆರೆ. ಕಪ್ಪೆಗಳಲ್ಲಿ ಒಂದು ಅಂಗಿಯೊಳಗಿತ್ತು.

ದಕ್ಕೆಯ ಕಟ್ಟೆಯ ಮೇಲೆ ಕೂತು ಬಲೆ ನೇಯುತ್ತಿದ್ದ ಅಜ್ಜಯ್ಯ ತಲೆ ಎತ್ತಲಿಲ್ಲ. "ಎಂತ ಮಾಸ್ಟ್ರೆ, ಬೆಳಿಗ್ಗೆ ಬೆಳಿಗ್ಗೆಯೇ ಮಿಂದ್ರಿಯಾ?"

ಗ್ಯಾರಂಟಿ ಚೀಟಿ ತೋರಿಸಿದೆ.

"ಮಳಿಗೆ ಓದುಕೆ ಬತ್ತಿಲ್ಲೆ ಮಾಸ್ಟ್ರೆ."

90 ಜಿಎಸ್‌ಎಂ ಬದಲು 200 ತಂದಿದ್ದರೆ ಎಂದು ಪ್ರಮೇಯ ಮಂಡಿಸಿದೆ. "ತಂದ್ರೆ ಕೆರೆ ದೊಡ್ಡದಾತಿತ್ತ್" ಎಂದರು. ಆಮೇಲೆ ಎದ್ದು ಬಂದು ದೋಣಿಯೊಳಕ್ಕೆ ಮೂಗು ಚಾಚಿದರು. ಬಿಗಿದು ಮುಚ್ಚಿದ ಹತ್ತೇ ದಿನಕ್ಕೆ ಹಲಗೆಯ ಸಂದಿಯಲ್ಲಿ ಬೆಳ್ಳಗೆ ಬೂಸ್ಟು. ಮರದ ದೋಣಿಗೆ ಕಡಲಿನ ಉಪ್ಪುನೀರು ವೈರಿಯಲ್ಲ; ಮಾವಿನಮಿಡಿಯನ್ನು ಕಾಪಾಡಿದ ಹಾಗೆ ಕಾಪಾಡುತ್ತದೆ. ಮರ ಕೊಳೆಯುವುದು ನಿಂತ ಮಳೆನೀರಿಗೆ ಮತ್ತು ಗಾಳಿಯಾಡದ ಸೆಕೆಗೆ. ಪ್ರಾಚೀನರು ಗೇರೆಣ್ಣೆ, ಮೀನೆಣ್ಣೆ ಬಳಿಯುತ್ತಿದ್ದದ್ದೂ ಮರ ಕೆಡದಿರಲಿ ಎಂದೇ. "ದೋಣಿ ಎಂತ ಹೆಣವಾ, ಮುಸ್ಕ್ ಹಾಕುಕೆ? ಉಸ್ರಾಡುಕೆ ಗಾಳಿ ಬ್ಯಾಡ್ದಾ?"

ಅವರು ಮಾಡಿದ್ದಿಷ್ಟು. ಮೂತಿಯಲ್ಲೊಂದು ಹಿಂದೊಂದು ಕವೆಗೋಲು ನೆಟ್ಟು, ಮೇಲೆ ಉದ್ದಕ್ಕೆ ಒಂದು ಬಿದಿರ ಗಳ. ಗಳದ ಮೇಲೆ ಒಂದು ಹಳೆಯ ಟರ್ಪಾಲು, ಎರಡೂ ಬದಿಗೆ ಮನೆಯ ಮಾಡಿನ ಹಾಗೆ ಇಳಿಜಾರು, ದೋಣಿಯ ಅಂಚು ದಾಟಿ ಒಂದು ಮೊಳ ಇಳಿಬಿಟ್ಟು. ಎರಡೂ ತುದಿ ಬಾಯ್ತೆರೆದೇ ಇರಲಿ ಎಂದರು. ಅಂಚಿಗೆ ಗೂಟದ ಬಿಗಿತವಿಲ್ಲ. ಮರಳು ತುಂಬಿದ ನೀರಿನ ಬಾಟಲಿಗಳನ್ನು ನೇತುಹಾಕಿದರು. ಗಾಳಿ ಬಂದಾಗ ಬಟ್ಟೆ ಏಳುತ್ತದೆ, ಹೋದಾಗ ಕೂರುತ್ತದೆ, ಹರಿಯುವುದಿಲ್ಲ. ಕಡೆಗೆ ಎಲ್ಲದರ ಮೇಲೆ ಒಂದು ಹಳೆಯ ಬಲೆ ಎಸೆದರು. ಅರ್ಧ ಗಂಟೆಯೂ ಹಿಡಿಯಲಿಲ್ಲ. ಟರ್ಪಾಲಿನ ಜಿಎಸ್‌ಎಂ ಎಷ್ಟೆಂದು ಕೇಳಿದ್ದಕ್ಕೆ, ಹಾಗೆಂದರೆ ಬಣ್ಣವಾ ಎಂದರು.

ವಿದ್ವತ್ತಿನ ದೃಷ್ಟಿಯಿಂದ ಇದನ್ನು ನಾನು ಒಪ್ಪುವುದಿಲ್ಲ. ಹೊದಿಕೆಯ ಬಗ್ಗೆ ಬರೆಯುತ್ತಿರುವ ಗ್ರಂಥದಲ್ಲಿ ಬಿದಿರಿಗೆ ಪ್ರಾಧಾನ್ಯ ಬಂದರೆ ಶೀರ್ಷಿಕೆಯನ್ನೇ ಬದಲಾಯಿಸಬೇಕಾಗುತ್ತದೆ. ಅದಕ್ಕೇ ಸುಮಾರು ದಿನ ಸಂಶೋಧನೆಯನ್ನು ಬೇರೆ ಕಡೆಗೆ, ಟರ್ಪಾಲಿನ ಪುನರ್ಜನ್ಮದ ಕಡೆಗೆ, ತಿರುಗಿಸಿದೆ. ನಮ್ಮೂರಲ್ಲಿ ಟರ್ಪಾಲು ಸಾಯುವುದಿಲ್ಲ. ದೋಣಿಯ ಮೇಲೆ ಹರಿದದ್ದು ಹುಲ್ಲುಕುತ್ರಿಗೆ ಹೋಗುತ್ತದೆ, ಅಲ್ಲಿ ಹರಿದದ್ದು ಸೌದೆಗೆ, ಅಲ್ಲಿಯೂ ಹರಿದರೆ ಬಚ್ಚಲಿನ ಮರೆಗೆ.

ನನ್ನ ನೀಲಿಯದು ಕುತ್ರಿಯ ಜನ್ಮವನ್ನು ಹಾರಿ ಸೀದಾ ಪಕ್ಕದ ಮನೆಯ ಅಕ್ಕನ ಸೌದೆಯ ಮೇಲಿದೆ. ಪುನರ್ವಸು ಮಳೆ ಹೊಯ್ಯುತ್ತಿದ್ದ ಒಂದು ಮಧ್ಯಾಹ್ನ ಕ್ಷೇತ್ರಕಾರ್ಯಕ್ಕೆಂದು ಹೋಗಿ ಒಂದು ಕೊಳ್ಳಿ ಎಳೆದು ನೋಡಿದೆ. ಕಣ್ಣು ಕಿತ್ತುಹೋದ ಅದೇ ಟರ್ಪಾಲು, ಅಡಿಯಲ್ಲಿ ಗೇರುಸೌದೆ ಗರಿಗರಿ ಒಣಗಿಕೊಂಡಿತ್ತು. ಅಕ್ಕ ಸೌದೆಯನ್ನು ನಡುವೆ ಎತ್ತರವಾಗಿ, ಎರಡು ಬದಿಗೆ ಇಳಿಜಾರಾಗಿ ಒಟ್ಟಿದ್ದರು.

"ಒಳ್ಳೆ ಟರ್ಪಾಲ್ ಕಾಣಿ ಮಾಸ್ಟ್ರೆ" ಎಂದರು. "ಒಂದ್ ಹನಿ ಸೋರುದಿಲ್ಲ. ನೀವ್ ಎಂತಕ್ಕೆ ಬಿಸಾಡಿದ್ರಿ?"