ಬೆಂಕಿಗೊಂದು ಬೀಸಣಿಗೆ

ಮಗ ಅಮೆರಿಕದಿಂದ ಫೋನು ಮಾಡಿ, "ಅಮ್ಮಾ, ಇನ್ನೊಂದು ಮನೆ ತಗೊಂಡೆ" ಅಂದ. ನನ್ನ ಹೆಂಡತಿ ಬೆಲೆ ಕೇಳಲಿಲ್ಲ, ಊರು ಕೇಳಲಿಲ್ಲ. "ಬಾಗಿಲು ಯಾವ ದಿಕ್ಕಿಗಿದೆ?" ಅಂದಳು. "ನೀನು ಹೇಳಿದ ದಿಕ್ಕಿಗೆ ತಿರುಗಿಸಿ ನಿಲ್ಲಿಸ್ತೀನಿ, ಕೆಳಗೆ ಆರು ಚಕ್ರ ಇವೆ" ಅಂತ ಉತ್ತರ ಬಂತು. ವಾಸ್ತುದೋಷಕ್ಕೆ ಇಂಥದೊಂದು ಪರಿಹಾರ ಉಂಟೆಂದು ನಮ್ಮ ಕೊಳ್ಳೇಗಾಲದ ಯಾವ ಜೋಯಿಸರಿಗೂ ಹೊಳೆದಿರಲಿಕ್ಕಿಲ್ಲ.

ಅದಕ್ಕೆ ಮೋಟರ್‌ಹೋಮ್ ಅನ್ನುತ್ತಾರೆ. ಮಗ ಕೊಂಡದ್ದು ಸೆಕೆಂಡ್ ಹ್ಯಾಂಡು. ಒಳಗೇ ಮಂಚ, ಒಲೆ, ಫ್ರಿಜ್ಜು, ಬಚ್ಚಲು, ಎಲ್ಲಾ ಉಂಟು. ಊರವರು ಬೆರಗಾಗಲಿ ಅಂತ ಹೂಗ್ಯಂನ ನಮ್ಮ ಜಗಲಿಯ ಮೇಲೆ ಕೂತು ಬಂದವರಿಗೆಲ್ಲ ಫೋಟೋ ತೋರಿಸಿದೆ. ಒಬ್ಬನಾದರೂ ಬಾಯಿ ಬಿಡಬೇಕಲ್ಲ! ಅಂಗಡಿಯವನು ಫೋಟೋವನ್ನು ಹಿಗ್ಗಿಸಿ ನೋಡಿ, "ಎಷ್ಟು ಜನ ಮಲಗಬೈದು ಮೇಷ್ಟ್ರೇ?" ಅಂದ. ನಾಲ್ಕು ಜನ ಅಂದೆ. "ಅಷ್ಟೇಯಾ!" ಅಂತ ಫೋನು ವಾಪಸು ಕೊಟ್ಟ.

ಅವನ ತಪ್ಪಲ್ಲ. ಶಿವರಾತ್ರಿಗೋ ಯುಗಾದಿಗೋ ದೀಪಾವಳಿಗೋ ಮಲೆ ಮಹದೇಶ್ವರ ಬೆಟ್ಟಕ್ಕೆ ಹೊರಟ ಟೆಂಪೋಗಳನ್ನು ನೋಡಿದವರಿಗೆ ಚಕ್ರದ ಮೇಲಿನ ಮನೆ ಹೊಸದೇನಲ್ಲ. ಕೆಳಗೆ ಹುಲ್ಲು, ಅದರ ಮೇಲೆ ಜಮಖಾನ, ಮೂಲೆಯಲ್ಲಿ ರಾಗಿ ಹಿಟ್ಟಿನ ಚೀಲ, ಸೌದೆಕಟ್ಟು, ದೊಡ್ಡ ಪಾತ್ರೆ. ಮೇಲಿನ ಕಬ್ಬಿಣದ ಸರಳಿಗೆ ಸೀರೆ ಕಟ್ಟಿ ಮಗುವಿಗೆ ಜೋಲಿ. ತಾಳಬೆಟ್ಟದ ಹತ್ತಿರ ನಿಲ್ಲಿಸಿ ಮೂರು ಕಲ್ಲು ಹೂಡಿದರೆ ಅಡುಗೆಮನೆಯೂ ತಯಾರು. ಒಂದು ಟೆಂಪೋದಲ್ಲಿ ಎಷ್ಟು ಜನ ಮಲಗುತ್ತಾರೆಂದು ಮಾದಪ್ಪನಿಗೂ ಲೆಕ್ಕ ಸಿಕ್ಕಿರಲಾರದು. ನಮ್ಮ ಟೆಂಪೋಗೂ ಮಗನ ಬಂಡಿಗೂ ಇರುವ ವ್ಯತ್ಯಾಸ ಒಂದೇ, ನಮ್ಮದರಲ್ಲಿ ಚಳಿ ಕಾಯಿಸುವ ಯಂತ್ರ ಇಲ್ಲ. ಜನ ಅಷ್ಟು ಒತ್ತಾಗಿ ಕೂತಾಗ ಅದರ ಅಗತ್ಯವೂ ಬೀಳುವುದಿಲ್ಲ.

ಚಳಿಯ ವಿಷಯ ಬಂತಲ್ಲ. ಮಗನ ಹತ್ತಿರಕ್ಕೆ ಹೊರಡುವ ಮೊದಲು ಒಡೆಯರಪಾಳ್ಯದ ಟಿಬೆಟಿಯನ್ ಶಿಬಿರಕ್ಕೆ ಹೋಗಿ ಒಂದು ಉಣ್ಣೆಯ ಸ್ವೆಟರು ತಂದೆ. ಚಳಿ ಎಂದರೇನು ಅಂತ ನಮ್ಮ ಹನೂರು ತಾಲ್ಲೂಕಿನಲ್ಲಿ ಅಧಿಕಾರವಾಣಿಯಿಂದ ಹೇಳಬಲ್ಲವರು ಅಲ್ಲಿಯವರು ಮಾತ್ರ. ಹಿಮಾಲಯದ ಆಚೆಯಿಂದ ಬಂದವರು ನಮ್ಮ ಬಿಸಿಲಿನಲ್ಲಿ ಮುಸುಕಿನ ಜೋಳ ಬೆಳೆಯುತ್ತಾರೆ, ನಮ್ಮಂಥವರು ಅವರ ಹತ್ತಿರ ಸ್ವೆಟರು ಕೊಂಡು ಹಿಮ ನೋಡಲು ಹೋಗುತ್ತೇವೆ. ಅಂಗಡಿಯ ಅಜ್ಜಿ ಎಲ್ಲಿಗೆ ಅಂತ ಕೇಳಿದರು. ಅಮೆರಿಕ ಅಂದೆ. ಇನ್ನೂ ದಪ್ಪನೆಯದೊಂದು ತೆಗೆದು ಮುಂದಿಟ್ಟರು. ಅವರ ಮಾತು ಕೇಳಬೇಕಿತ್ತು ಅಂತ ಆಮೇಲೆ ಅನ್ನಿಸಿದ್ದು ನಿಜ.

ಸೆಪ್ಟೆಂಬರಿನಲ್ಲಿ ಮಗ ನಮ್ಮನ್ನು ಯೆಲ್ಲೋಸ್ಟೋನ್‌ಗೆ ಕರೆದುಕೊಂಡು ಹೋದ. 1872ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದ ಕಾಡು. ನೆಲದಿಂದ ಬಿಸಿನೀರು ಚಿಮ್ಮುತ್ತದೆ, ಕಾಡೆಮ್ಮೆಗಳು ರಸ್ತೆಯ ನಡುವೆ ನಿಂತು ಕಾರುಗಳ ಸಾಲು ಬೆಳೆಸುತ್ತವೆ. ಅದನ್ನೆಲ್ಲ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ನಾವು ತಂಗಿದ್ದು ಫಿಶಿಂಗ್ ಬ್ರಿಜ್ ಎಂಬ ಜಾಗದಲ್ಲಿ. ಅಲ್ಲೊಂದು ಮರದ ಸೇತುವೆ ಇದೆ. ಹೆಸರು ಮೀನು ಹಿಡಿಯುವ ಸೇತುವೆಯಾದರೂ ಅದರ ಮೇಲೆ ನಿಂತು ಮೀನು ಹಿಡಿಯುವುದನ್ನು 1973ರಿಂದ ನಿಷೇಧಿಸಿದ್ದಾರೆ. ಸಮುದ್ರಮಟ್ಟದಿಂದ ಸುಮಾರು 7,800 ಅಡಿ ಎತ್ತರ. ನಮ್ಮ ಬಿಳಿಗಿರಿರಂಗನ ಬೆಟ್ಟದ ನೆತ್ತಿಗಿಂತಲೂ ಮೇಲೆ. ಗುಡಾರ ಹಾಕಲು ಬಿಡುವುದಿಲ್ಲ, ಗಟ್ಟಿ ಗೋಡೆಯ ಬಂಡಿಗಳಿಗೆ ಮಾತ್ರ ಜಾಗ. ಯಾಕೆ ಅಂದೆ. "ಕರಡಿ ಬರುತ್ತೆ ಅಪ್ಪ" ಅಂದ ಮಗ. ಆಗ ನನಗೆ ಸ್ವಲ್ಪ ಊರಿನಲ್ಲಿದ್ದಂತೆ ಅನ್ನಿಸಿತು.

ರಾತ್ರಿ ಊಟ ಮುಗಿಸಿ, ಮಗ ಚಳಿ ಕಾಯಿಸುವ ಯಂತ್ರಕ್ಕೆಂದು ಗೋಡೆಯ ಮೇಲಿನ ಗುಂಡಿ ಒತ್ತಿದ. ಮಂಚದ ಕೆಳಗೆಲ್ಲೋ ಒಂದು ಫ್ಯಾನು ಎಚ್ಚರವಾಯಿತು. ಮೊದಲು ಗುರ್ ಅಂತ ನಿಧಾನಕ್ಕೆ. ಬರಬರುತ್ತ ಎಣ್ಣೆ ಕಾಣದ ಗಾಣಕ್ಕೆ ಎತ್ತು ಕಟ್ಟಿದ ಹಾಗೆ ಕಿರ್ರ್ ಅಂತ ಕಿರುಚಿ, ನಡುನಡುವೆ ಟಕ್ ಟಕ್ ಅಂತ ತಾಳ ಹಾಕತೊಡಗಿತು. ಬೆಚ್ಚಗಾದ ಮೇಲೆ ನಿಂತಿತು. ಕಣ್ಣು ಹತ್ತುವಷ್ಟರಲ್ಲಿ ತಣ್ಣಗಾಗಿ ಮತ್ತೆ ಶುರುವಾಯಿತು. ಹೊರಗೆ ನೀರು ಹೆಪ್ಪುಗಟ್ಟುವ ಚಳಿ, ನಿಲ್ಲಿಸುವ ಹಾಗಿಲ್ಲ. ರಾತ್ರಿ ಸದ್ದು ಮಾಡಬಾರದು ಅಂತ ಅಲ್ಲಿ ಬೋರ್ಡು ಬೇರೆ. ಪಕ್ಕದ ಬಂಡಿಯ ಕಿಟಕಿಯಲ್ಲಿ ಒಮ್ಮೆ ದೀಪ ಹತ್ತಿತು, ಆರಿತು, ಮತ್ತೆ ಹತ್ತಿತು. ನನ್ನ ಹೆಂಡತಿ ಮಾತ್ರ ಇದಾವುದರ ಪರಿವೆಯಿಲ್ಲದೆ ನಿದ್ದೆ ಮಾಡಿದಳು. ಇಷ್ಟು ವರ್ಷ ನನ್ನ ಗೊರಕೆಯ ಪಕ್ಕ ಮಲಗಿದವಳಿಗೆ ಯಾವ ಯಂತ್ರದ ಸದ್ದು ತಾನೆ ಲೆಕ್ಕ!

ಬೆಳಿಗ್ಗೆ ಮಗ ಗ್ಯಾಸು ಬಂದ್ ಮಾಡಿ, ಬ್ಯಾಟರಿಯ ತಂತಿ ಬಿಚ್ಚಿ, ಹೊರಗಿನ ತಗಡು ಕಳಚಿದ. ಯಂತ್ರದ ಒಳಸಂಸಾರ ನೋಡಿದೆ. ಒಂದೇ ಮೋಟರು, ಅದರ ಶಾಫ್ಟಿನ ಎರಡು ತುದಿಗೆ ಎರಡು ಚಕ್ರ. ಪಂಜರದಂಥ ಈ ಚಕ್ರಗಳಲ್ಲಿ ಒಂದು ಹೊರಗಿನ ಗಾಳಿಯನ್ನು ಬೆಂಕಿಗೆ ಊದುತ್ತದೆ, ಇನ್ನೊಂದು ಮನೆಯೊಳಗಿನ ಗಾಳಿಯನ್ನು ಕಾದ ಪೆಟ್ಟಿಗೆಯ ಸುತ್ತ ಹಾಯಿಸಿ ಕೋಣೆಗೆ ಬಿಡುತ್ತದೆ. ಎರಡು ಗಾಳಿಯೂ ಒಂದನ್ನೊಂದು ಮುಟ್ಟುವ ಹಾಗಿಲ್ಲ. ಮುಟ್ಟಿದರೆ ವಿಷದ ಹೊಗೆ ಒಳಗೆ ಬಂದು ಮಲಗಿದವರು ಏಳುವುದಿಲ್ಲ. ಅಷ್ಟು ಕಟ್ಟುನಿಟ್ಟಿನ ಮಡಿ.

ಇದರಲ್ಲಿ ನನಗೆ ಬಹಳ ಹಿಡಿಸಿದ್ದು ಇನ್ನೊಂದು. ಗುಂಡಿ ಒತ್ತಿದೊಡನೆ ಅಲ್ಲಿ ಬೆಂಕಿ ಹತ್ತುವುದಿಲ್ಲ. ಮೊದಲು ಫ್ಯಾನು ತಿರುಗಿ, ಒಳಗೆ ಹಳೇ ಗ್ಯಾಸು ಉಳಿದಿದ್ದರೆ ಗುಡಿಸಿ ಹಾಕಬೇಕು. ಗಾಳಿಯ ಹಾದಿಯಲ್ಲಿ ಒಂದು ಪುಟ್ಟ ತಗಡಿನ ರೆಕ್ಕೆಯಿದೆ. ಗಾಳಿ ಸಾಕಷ್ಟು ಜೋರಾಗಿ ಅದನ್ನು ತಳ್ಳಿದರೆ ಮಾತ್ರ ಮುಂದೆ ಅಪ್ಪಣೆ, ಆಮೇಲೆ ಗ್ಯಾಸು, ಆಮೇಲೆ ಕಿಡಿ. ನಮ್ಮ ಕುಲುಮೆಯಲ್ಲಿ ಮೊದಲು ಕೆಂಡ, ಆಮೇಲೆ ತಿದಿ. ಚಿಕ್ಕಂದಿನಲ್ಲಿ ಕುಡುಗೋಲು ತಟ್ಟಿಸಲು ಹೋದಾಗೆಲ್ಲ ಆಚಾರಿಗಳು ನನ್ನನ್ನು ತಿದಿ ಒತ್ತಲು ಕೂರಿಸುತ್ತಿದ್ದರು. ಕಬ್ಬಿಣ ಕೆಂಪಾಗುವುದನ್ನು ನೋಡುತ್ತ ಕೈ ನಿಧಾನವಾದರೆ, "ಲೋ, ಗಾಳಿ ನಿಂತೋಯ್ತದ ಕಣೋ!" ಅಂತ ಗದರುತ್ತಿದ್ದರು. ಆಮೇಲೆ ಕೈಯಲ್ಲಿ ತಿರುಗಿಸುವ ಬ್ಲೋವರು ಬಂತು. ಅದೂ ಇಂಥದೇ ಪೆಟ್ಟಿಗೆಯೊಳಗಿನ ಚಕ್ರ. ಈಚೆಗೆ ಉತ್ತರದ ಕಡೆಯಿಂದ ಗಂಡ ಹೆಂಡತಿ ಮಕ್ಕಳ ಸಮೇತ ಬಂದು, ರಸ್ತೆ ಬದಿಯಲ್ಲಿ ಕೂತು ಕೊಡಲಿ, ಮಚ್ಚು ಮಾಡಿ ಮಾರುವವರನ್ನು ನೀವೂ ನೋಡಿರುತ್ತೀರಿ. ಬೆಂಕಿಯನ್ನೂ ಬೀಸಣಿಗೆಯನ್ನೂ ಜೊತೆಗಿಟ್ಟುಕೊಂಡು ಸಂಸಾರ ಸಮೇತ ಊರೂರು ತಿರುಗುವ ಕಲೆಯಲ್ಲಿ ಅವರು ನನ್ನ ಮಗನಿಗಿಂತ ಎಷ್ಟೋ ಮುಂದಿದ್ದಾರೆ.

ಫ್ಯಾನು ಮಂದವಾದರೆ ಬೆಂಕಿ ಹತ್ತುವುದಿಲ್ಲ ಅಂದೆನಲ್ಲ, ಫ್ಯಾನು ಹಾಗೆ ಮಂದವಾಗಲು ಒಂದು ಕಾರಣ ಬ್ಯಾಟರಿ ಇಳಿದಿರುವುದಂತೆ. ಕೇವಲ 12 ವೋಲ್ಟಿನ ಮೋಟರು. "ವೋಲ್ಟೇಜ್ ಕಮ್ಮಿಯಾದ್ರೆ..." ಅಂತ ಮಗ ನನಗೆ ವಿವರಿಸಲು ಹೊರಟ. ಹೂಗ್ಯಂನಲ್ಲಿ ಹುಟ್ಟಿದವನಿಗೆ ವೋಲ್ಟೇಜಿನ ಪಾಠ! ಸಂಜೆ ಹೊತ್ತು ನಮ್ಮ ಸೂರಿನ ಫ್ಯಾನಿನ ಮೂರು ರೆಕ್ಕೆಯನ್ನೂ ಬೇರೆ ಬೇರೆಯಾಗಿ ಎಣಿಸಬಹುದು. ಪಕ್ಕದ ಶಿವನಸಮುದ್ರದಲ್ಲಿ 1902ರಲ್ಲೇ ಕರೆಂಟು ಹುಟ್ಟಿತ್ತು. ಹುಟ್ಟಿದ್ದೇ 147 ಕಿಲೋಮೀಟರ್ ತಂತಿ ಹಿಡಿದು ಕೋಲಾರದ ಚಿನ್ನದ ಗಣಿಗೆ ನಡೆಯಿತು. ಕಾವೇರಿಯ ಆಚೆ ದಡ ಮೈಸೂರು ಮಹಾರಾಜರದು, ಈಚೆ ದಡದ ನಮ್ಮ ಕೊಳ್ಳೇಗಾಲ 1956ರ ನವೆಂಬರ್ 1ರವರೆಗೂ ಕೊಯಮತ್ತೂರು ಜಿಲ್ಲೆಯದು. ಮನೆ ಬಾಗಿಲಲ್ಲೇ ಹುಟ್ಟಿದ ಕರೆಂಟಿಗೆ ನಾವು ಪರರಾಜ್ಯದವರು. ತಮಾಷೆಯೆಂದರೆ, ಈ ಮೀನು ಹಿಡಿಯಬಾರದ ಸೇತುವೆಯನ್ನು ಮೊದಲು ಕಟ್ಟಿದ್ದೂ 1902ರಲ್ಲಂತೆ. ಎರಡಕ್ಕೂ ಏನೇನೂ ಸಂಬಂಧವಿಲ್ಲ. ಆದರೂ ಇಂಥದು ಕಣ್ಣಿಗೆ ಬಿದ್ದರೆ ಹೇಳದೆ ಬಿಡುವುದು ಮೇಷ್ಟ್ರ ಜಾಯಮಾನವಲ್ಲ.

ಅಷ್ಟರಲ್ಲಿ ಪಕ್ಕದ ಬಂಡಿಯ ಮುದುಕರು ಬಂದರು. ಜಗಳಕ್ಕೇ ಬಂದರೆಂದು ನಾನು ಸ್ವೆಟರು ಸರಿಮಾಡಿಕೊಂಡೆ. ಅವರು ಬಿಚ್ಚಿದ ಯಂತ್ರ ನೋಡಿದ್ದೇ ಮೊಣಕಾಲೂರಿ ಕೂತುಬಿಟ್ಟರು. ಬಿಚ್ಚಿಟ್ಟ ಯಂತ್ರದ ಸುತ್ತ ಜನ ಸೇರುವುದು ಹನೂರಿಗಷ್ಟೇ ಸೀಮಿತ ಅಂತ ತಿಳಿದಿದ್ದೆ. ಅವರ ಇಂಗ್ಲಿಷು ನನಗೆ ಅರ್ಧ ತಿಳಿಯದು, ನನ್ನದು ಅವರಿಗೆ ಪೂರಾ ತಿಳಿಯದು. ನಾನು "ಕಿರ್ರ್" ಅಂದೆ. ಅವರು ತಲೆಯಾಡಿಸಿ, "ಟಕ್ ಟಕ್?" ಅಂದರು. ಹೌದು ಅಂದೆ. ರೋಗ ಗೊತ್ತಾಯಿತು. ಕಿರ್ರ್ ಅಂದರೆ ಬುಷ್ಷು ಒಣಗಿದೆ. ಟಕ್ ಟಕ್ ಅಂದರೆ ಚಕ್ರ ಜಾರಿ ಪಕ್ಕದ ತಗಡಿಗೆ ತಾಗುತ್ತಿದೆ. ಮಗ ಇದೇ ನಿರ್ಣಯಕ್ಕೆ ಬರಲು ಫೋನಿನಲ್ಲಿ ಒಂದಾದ ಮೇಲೊಂದು ವಿಡಿಯೋ ನೋಡುತ್ತಿದ್ದ.

ಚಕ್ರ ಹೊರಬಂತು. ಅದರ ಪಂಜರದೊಳಗೆ ಇಲಿ ಕೂಡಿಟ್ಟ ಹತ್ತಿ, ಕಾಗದದ ಚೂರು, ಯಾವುದೋ ಕಾಡುಬೀಜ. ಒಂದು ಕಡೆ ಭಾರವಾದ ಚಕ್ರ ನೇರ ತಿರುಗೀತೆ? ಇನ್ನು ಹೊಗೆ ಹೋಗುವ ಕೊಳವೆಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿತ್ತು. ನಮ್ಮ ಹಳೇ ಬೀಗದ ಕಿಂಡಿಯಲ್ಲಿ ಕಟ್ಟುವಂಥದೇ. ಅದರ ಕಾಟ ತಡೆಯಲು ಅಲ್ಲಿನ ಅಂಗಡಿಗಳಲ್ಲಿ ಸಣ್ಣ ಜಾಲರಿಯೇ ಮಾರಾಟಕ್ಕಿದೆಯಂತೆ. ಎಲ್ಲ ಕೆರೆದು ಕ್ಲೀನು ಮಾಡಿದೆವು. ಇನ್ನು ಎಣ್ಣೆ.

"ತೆಂಗಿನೆಣ್ಣೆ ಇದೆಯಲ್ರೀ" ಅಂತ ಹೆಂಡತಿ ಒಳಗಿನಿಂದ ಬಾಟಲಿ ಹಿಡಿದು ಬಂದಳು. ಬಾಟಲಿ ಬೋರಲು ಹಿಡಿದರೂ ಒಂದು ತೊಟ್ಟೂ ಬೀಳಲಿಲ್ಲ. ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ. ಅದನ್ನು ಬುಷ್ಷಿಗೆ ಬಿಟ್ಟಿದ್ದರೆ ಫ್ಯಾನು ಸದ್ದನ್ನೂ ನಿಲ್ಲಿಸಿ, ತಿರುಗುವುದನ್ನೂ ನಿಲ್ಲಿಸುತ್ತಿತ್ತು. ಊರಿನಲ್ಲಾಗಿದ್ದರೆ ಟೈಲರ್ ಅಂಗಡಿಗೆ ಹೋಗಿ ಮಿಷಿನ್ ಎಣ್ಣೆ ಎರಡು ಹನಿ ಬೇಡಿ ತರುತ್ತಿದ್ದೆವು. ಅದು ಶಾಸ್ತ್ರಕ್ಕೂ ಸರಿ. ಸೂರಿನ ಫ್ಯಾನು ಹುಟ್ಟಿದ್ದೇ ಸಿಂಗರ್ ಹೊಲಿಗೆ ಯಂತ್ರದ ಕಂಪನಿಯಲ್ಲಿದ್ದ ಫಿಲಿಪ್ ಡೀಲ್ ಎಂಬ ಎಂಜಿನಿಯರು ಹೊಲಿಗೆ ಯಂತ್ರದ ಮೋಟರಿಗೆ ರೆಕ್ಕೆ ಕಟ್ಟಿದ್ದರಿಂದ. 1889ರಲ್ಲಿ ಅದಕ್ಕೆ ಪೇಟೆಂಟನ್ನೂ ಪಡೆದ. ಆ ಕಾಡಿನಲ್ಲಿ ಟೈಲರು ಎಲ್ಲಿ? ಮುದುಕರು ತಮ್ಮ ಬಂಡಿಗೆ ಹೋಗಿ, ಗಾಳದ ರಾಟೆಗೆ ಹಾಕುವ ತೆಳು ಎಣ್ಣೆ ತಂದರು. ಒಂದು ತೊಟ್ಟು ಬಿಟ್ಟು, ಚಕ್ರವನ್ನು ತುಸು ಹಿಂದೆ ಸರಿಸಿ, ಎಲ್ಲೆನ್ ಕೀಯಲ್ಲಿ ತಿರುಪು ಬಿಗಿದರು. ಜೋಡಿಸಿ ಗುಂಡಿ ಒತ್ತಿದರೆ ಬರೀ ಗಾಳಿಯ ಸದ್ದು. ಮುದುಕರು ಹೆಬ್ಬೆರಳು ಎತ್ತಿದರು. ಹೆಂಡತಿ ಅವರಿಗೆ ನಿಪ್ಪಟ್ಟು ಕೊಟ್ಟಳು. ಖಾರಕ್ಕೆ ಅವರ ಮುಖ ಕೆಂಪಾಯಿತಾದರೂ ಇನ್ನೊಂದು ಕೇಳಿ ತಗೊಂಡರು.

ಆ ರಾತ್ರಿ ಅಷ್ಟು ನಿಶ್ಶಬ್ದದಲ್ಲಿ ನನಗೆ ನಿದ್ದೆ ಹತ್ತಲಿಲ್ಲ. ಕಾರಣ ಹೇಳಿದರೆ ಮಗ ನಕ್ಕಾನು. ಆದರೆ ಹೂಗ್ಯಂನ ಹೊಲದ ಅಟ್ಟಣೆಯ ಮೇಲೆ ಕಾವಲು ಮಲಗಿದವರಿಗೆ ಗೊತ್ತು: ನಮ್ಮ ಕಡೆ ಸದ್ದೇ ಬೇಲಿ. ಹಂದಿ ಬಂದರೆ ಡಬ್ಬ ಬಡಿ, ಆನೆ ಬಂದರೆ ಪಟಾಕಿ ಹಚ್ಚು. ನಮ್ಮ ತಮ್ಮ ಕೆಟ್ಟ ಟೇಬಲ್ ಫ್ಯಾನಿನ ರೆಕ್ಕೆಯನ್ನು ಗಳುವಿನ ತುದಿಗೆ ಸಿಕ್ಕಿಸಿ, ಅದರ ಹಿಂದೆ ಒಂದು ಬೋಲ್ಟು ಇಳಿಬಿಟ್ಟು, ಪಕ್ಕದಲ್ಲಿ ಒಂದು ಸ್ಟೀಲ್ ತಟ್ಟೆ ಕಟ್ಟಿದ್ದಾನೆ. ಗಾಳಿ ಬೀಸಿದಾಗೆಲ್ಲ ಢಣಢಣ. ಮುಸುಕಿನ ಜೋಳಕ್ಕೆ ಬರುವ ಗಿಳಿ, ಹಂದಿ ಎರಡಕ್ಕೂ ಅದೇ ಮದ್ದು. ಆನೆ ಕೇಳುವುದಿಲ್ಲ, ಅದು ಬೇರೆ ಮಾತು. ಅಲ್ಲಿ ಫ್ಯಾನು ಸದ್ದು ಮಾಡಲಿ ಅಂತ ನಟ್ಟು ಸಡಿಲಿಸುವವರು ನಾವು. ಇಲ್ಲಿ ಕರಡಿ ಓಡಾಡುವ ಕಾಡಿನ ನಡುವೆ ಕೂತು, ಸದ್ದು ಮಾಡುವ ಫ್ಯಾನನ್ನು ನಾವೇ ಕೈಯಾರೆ ಮೂಕ ಮಾಡಿದ್ದೆವು.

ಕಾಡಿನಿಂದ ವಾಪಸು ಬಂದ ಮೇಲೆ ಮಗ, ಬುಷ್ಷು ಹೇಗೂ ಸವೆದಿದೆ ಅಂತ ಹೊಸ ಮೋಟರನ್ನೇ ಚಕ್ರ ಸಮೇತ ತರಿಸಿ ಹಾಕಿದ. ಹಳೆಯದನ್ನು ಕಸಕ್ಕೆ ಹಾಕಲು ನಾನು ಬಿಡಲಿಲ್ಲ. ತಮ್ಮನಿಗೆ ವಿಡಿಯೋ ಕಾಲಿನಲ್ಲಿ ತೋರಿಸಿದೆ. "ಬುಡಬ್ಯಾಡ ಕಣಣ್ಣ, ತಕಂಡು ಬಾ" ಅಂದ. ಪೆಟ್ಟಿಗೆಯ ತೂಕ 23 ಕಿಲೋ ದಾಟಬಾರದು ಅಂತ ಹೆಂಡತಿ ತಕರಾರು ತೆಗೆದು, ಕೊನೆಗೆ ಮೋಟರು ಅಲ್ಲೇ ಉಳಿಯಿತು, ಚಕ್ರಕ್ಕೆ ಟಿಕೆಟ್ ಸಿಕ್ಕಿತು.

ತಮ್ಮ ಅದನ್ನು ಗಳುವಿಗೆ ಕಟ್ಟಿ ಎರಡು ದಿನ ಗಾಳಿ ಕಾದ. ಆ ಪಂಜರದ ಮೂಲಕ ಗಾಳಿ ಸುಮ್ಮನೆ ತೂರಿಕೊಂಡು ಹೋಯಿತೇ ಹೊರತು ಅದು ಅಲುಗಲಿಲ್ಲ. ಬಿಚ್ಚಿ ತಂದು ನನ್ನ ಜಗಲಿಯ ಮೇಲಿಟ್ಟು, "ಇದೇನಣ್ಣ, ಸುತ್ತಾದೂ ಇಲ್ಲ, ಸದ್ದೂ ಇಲ್ಲ. ಮುಂದ್ಸಲ ಹೋದಾಗ ರೆಕ್ಕ ಇರಾದ ನೋಡ್ಕಂಡು ತಕಂಡು ಬಾ" ಅಂದು ಟೀ ಕುಡಿದು ಹೋದ. ಹೆಂಡತಿ ಅದನ್ನು ತೊಳೆದು ಸೌಟು ನಿಲ್ಲಿಸಲು ಇಟ್ಟುಕೊಂಡಿದ್ದಾಳೆ.