ಶಿಶುವಾಸ ಪ್ರಮಾಣ ಮೀಮಾಂಸೆ

ಮಗು ಎದುರಿಗೇ ಕೂತು ಕಿರುಚುತ್ತಿದೆ. ಆದರೂ ಅದು ಈ ದೇಶದಲ್ಲಿ ವಾಸವಿದೆ ಎಂದು ಸಿದ್ಧವಾಗುವುದು ಹೇಗೆ? ಈ ಶಾಸ್ತ್ರಕ್ಕೆ ಆದಿಪ್ರಶ್ನೆ ಇದೇ.

ಶಾಸ್ತ್ರದ ಉಗಮಸ್ಥಾನ ಬ್ರಿಟನ್. ಯುರೋಪಿಯನ್ ಒಕ್ಕೂಟದ ನಂಟನ್ನು ಆ ದೇಶ 2020ರ ಜನವರಿ 31ರಂದು ಕಡಿದುಕೊಂಡಿತು. ಅದಕ್ಕೂ ಮುಂಚೆಯೇ, 2019ರ ಮಾರ್ಚ್ 30ಕ್ಕೆ, ಅಲ್ಲಿ ಬದುಕು ಕಟ್ಟಿಕೊಂಡಿದ್ದ ಪೋಲಿಷ್, ರೊಮೇನಿಯನ್, ಪೋರ್ಚುಗೀಸ್ ಸಂಸಾರಗಳಿಗಾಗಿ ‘ಇಯು ಸೆಟಲ್‌ಮೆಂಟ್ ಸ್ಕೀಮ್’ ಎಂಬ ಸೂತ್ರಗ್ರಂಥ ಪೂರ್ಣವಾಗಿ ಲೋಕಾರ್ಪಣೆಗೊಂಡಿತು. ಐದು ವರ್ಷ ಎಡೆಬಿಡದೆ ನೆಲೆಸಿದವರಿಗೆ ‘ಸೆಟಲ್ಡ್’ ಪದವಿ. ಅಷ್ಟಾಗದವರು ‘ಪ್ರೀ-ಸೆಟಲ್ಡ್’, ಅಂದರೆ ಸಾಧಕರು. ದೊಡ್ಡವರ ಪಾಡು ಸಲೀಸು: ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಒತ್ತಿದರೆ ತೆರಿಗೆ ಇಲಾಖೆಯ ದಾಖಲೆಯೇ ಸಾಕ್ಷಿ ಹೇಳುತ್ತದೆ. ಮಗುವಿಗೆ ಆ ನಂಬರು ಬರುವುದು ಹದಿನಾರು ತುಂಬುವ ಹೊತ್ತಿಗೆ. ಅದಕ್ಕೆ ಸಂಬಳವಿಲ್ಲ, ತೆರಿಗೆಯಿಲ್ಲ, ಕರೆಂಟ್ ಬಿಲ್ಲು ಅದರ ಹೆಸರಿಗಿಲ್ಲ (ಬಿಲ್ಲು ಏರಿದ್ದು ಅದರಿಂದಲೇ ಆದರೂ). ಆದಕಾರಣ ಪ್ರಮಾಣ ವಿಚಾರ.

ಪ್ರತ್ಯಕ್ಷ ಪ್ರಮಾಣ ಇಲ್ಲಿ ಅಗ್ರಾಹ್ಯ. ಮೇಲಿನ ಕಿರುಚಾಟ ನೋಡಿ. ಉಪಮಾನ ಅಪಾಯಕಾರಿ, ಪಕ್ಕದ ಮನೆಯ ಮಗುವೂ ಹಾಗೇ ಇರುತ್ತದೆ. ವಿಚಾರಯೋಗ್ಯವಾದದ್ದು ಅರ್ಥಾಪತ್ತಿ. ಹಗಲು ಉಣ್ಣದ ದೇವದತ್ತ ದಪ್ಪಗಿದ್ದಾನೆ, ಆದ್ದರಿಂದ ರಾತ್ರಿ ಉಣ್ಣುತ್ತಾನೆ ಎಂದರು ನಮ್ಮ ಮೀಮಾಂಸಕರು. ಅದನ್ನೇ ಲಂಡನ್ನಿನಲ್ಲಿ ಪ್ರಯೋಗಿಸೋಣ: ದುಡಿಯದ, ಬ್ಯಾಂಕ್ ಖಾತೆಯಿಲ್ಲದ ಎರಡು ವರ್ಷದ ಕೂಸು ಗುಂಡುಗುಂಡಗಿದೆ, ಆದ್ದರಿಂದ ಯಾರೋ ಇಲ್ಲೇ ಅದಕ್ಕೆ ಉಣಿಸುತ್ತಿದ್ದಾರೆ. ತರ್ಕವೇನೋ ಚೊಕ್ಕ. ಆದರೆ ಅರ್ಜಿಯ ದೃಷ್ಟಿಯಲ್ಲಿ ದೇವದತ್ತ ರಾತ್ರಿ ಉಂಡ ರಸೀದಿ ಲಗತ್ತಿಸಿಲ್ಲ. ಅನುಪಲಬ್ಧಿಗೆ, ಅಂದರೆ ಇಲ್ಲದಿರುವಿಕೆಗೆ, ಮಾತ್ರ 2025ರವರೆಗೆ ಭಾರೀ ಗೌರವವಿತ್ತು: ಯಾವುದೇ ಹನ್ನೆರಡು ತಿಂಗಳಲ್ಲಿ ಆರು ತಿಂಗಳು ಮೀರಿ ಅಜ್ಜಿಮನೆಯಲ್ಲಿದ್ದರೆ, ಸಾಮಾನ್ಯವಾಗಿ, ಹಿಂದಿನ ವಾಸವೆಲ್ಲ ಮಿಥ್ಯೆಯಾಗುತ್ತಿತ್ತು.

ಉಳಿದದ್ದು ಶಬ್ದ ಪ್ರಮಾಣ, ಅಂದರೆ ಆಪ್ತವಾಕ್ಯ. ಆಪ್ತರು ಯಾರು? ಶಾಲೆ, ನರ್ಸರಿ, ಡಾಕ್ಟರು, ಅದೂ ಕಾಗದದಲ್ಲಿ. ಹೆತ್ತ ತಾಯಿ ಆಪ್ತಳಲ್ಲ, ಕಕ್ಷಿದಾರಳು. ಆದರೆ ತಾಯಿಯ ಅರ್ಜಿಗಿರುವ ಹದಿನಾರು ಅಂಕಿಯ ಸಂಖ್ಯೆ ಪರಮಾಪ್ತ! ಆ ಸಂಖ್ಯೆಯನ್ನೂ ಜನನ ಪತ್ರವನ್ನೂ ಮಗುವಿನ ಅರ್ಜಿಗೆ ಜೋಡಿಸಿ, ತಾಯಿ ‘ಸೆಟಲ್ಡ್’ ಆದರೆ, ಮಗು ತನ್ನ ಐದು ವರ್ಷವನ್ನು ಬೇರೆಯಾಗಿ ಸಾಧಿಸಬೇಕಿಲ್ಲ. ಹೊಕ್ಕುಳಬಳ್ಳಿ ಕತ್ತರಿಸುವುದು ದಾದಿ, ಮತ್ತೆ ಕಟ್ಟುವುದು ಅಂತರ್ಜಾಲ.

ಪೂರ್ವಪಕ್ಷ: “ಇಲ್ಲೇ ಹುಟ್ಟಿದ ಮಗುವಿಗೆ ಅರ್ಜಿಯೇಕೆ?” ಬಹಳ ಮಂದಿ ಹೆತ್ತವರು ಈ ಪಕ್ಷದವರೇ, ಪಾಪ. ಸಿದ್ಧಾಂತ: 1983ರಿಂದೀಚೆಗೆ ಆ ನೆಲದಲ್ಲಿ ಹುಟ್ಟಿದಷ್ಟಕ್ಕೇ ಯಾರೂ ಬ್ರಿಟಿಷರಾಗುವುದಿಲ್ಲ. ಹೆತ್ತವರಲ್ಲೊಬ್ಬರು ‘ಸೆಟಲ್ಡ್’ ಆದ ಮೇಲೆ ಅಲ್ಲಿ ಹುಟ್ಟಿದ್ದು ತಾನಾಗಿ ಬ್ರಿಟಿಷ್. ಇಬ್ಬರೂ ‘ಪ್ರೀ-ಸೆಟಲ್ಡ್’ ಇದ್ದಾಗ ಹುಟ್ಟಿದ್ದು ತೊಟ್ಟಿಲಲ್ಲೇ ಅರ್ಜಿದಾರ, ಮೂರು ತಿಂಗಳೊಳಗೆ. ಒಂದೇ ಬಸಿರಿನ ಅಕ್ಕ ವಲಸಿಗಳು, ತಮ್ಮ ಪ್ರಜೆ. ಜಾತಕ ಬರೆಯುವವರು ನಕ್ಷತ್ರಕ್ಕಿಂತ ಮೊದಲು ಅಮ್ಮನಿಗೆ ಇಮೇಲ್ ಬಂದ ಗಳಿಗೆಯನ್ನು ನೋಡಬೇಕು.

ಫಲಸ್ವರೂಪವೇನು? ನಿರಾಕಾರ. ಕಾರ್ಡಿಲ್ಲ, ಪಾಸ್‌ಪೋರ್ಟಿನ ಮೇಲೆ ಠಸ್ಸೆಯಿಲ್ಲ. ಪದವಿ ಇರುವುದು ಸರ್ಕಾರದ ಸರ್ವರಿನಲ್ಲಿ. ಕಾಣಬಯಸುವವರಿಗೆ ‘ಶೇರ್ ಕೋಡ್’ ಎಂಬ ಮಂತ್ರ ಕೊಡಬೇಕು. ಅದರ ಶಕ್ತಿ ತೊಂಬತ್ತು ದಿನ.

ದಕ್ಷಿಣೆಯ ಪ್ರಕರಣ ಕೊನೆಯದು. ಮೊದಲು ದೊಡ್ಡವರಿಗೆ 65 ಪೌಂಡು, ಹದಿನಾರರೊಳಗಿನವರಿಗೆ 32.50 ಎಂದಿತ್ತು. ಆ ಐವತ್ತು ಪೆನ್ಸಿನ ತಾತ್ಪರ್ಯವನ್ನು ವ್ಯಾಖ್ಯಾನಕಾರರು ಬಿಡಿಸುವ ಮುನ್ನವೇ, 2019ರ ಜನವರಿಯಲ್ಲಿ, ಪ್ರಧಾನಿ ಥೆರೆಸಾ ಮೇ ಶುಲ್ಕವನ್ನೇ ರದ್ದು ಮಾಡಿದರು. ಆದರೆ ಅಲ್ಲಿ ಹುಟ್ಟಿದ ಮಗು, ಹೆತ್ತವರು ‘ಸೆಟಲ್ಡ್’ ಆದ ಬಳಿಕ ಬ್ರಿಟಿಷ್ ಪ್ರಜೆಯಾಗಿ ನೋಂದಾಯಿಸಿಕೊಳ್ಳಲು ಹೋದರೆ 1,012 ಪೌಂಡು ತೆರಬೇಕಿತ್ತು. ಗೃಹ ಇಲಾಖೆಯ ಲೆಕ್ಕದಲ್ಲೇ ಆ ಕೆಲಸದ ಖರ್ಚು 372. ಹೈಕೋರ್ಟ್ 2019ರಲ್ಲಿ ಈ ಶುಲ್ಕ ತಪ್ಪೆಂದಿತು. ಸುಪ್ರೀಂ ಕೋರ್ಟ್ 2022ರಲ್ಲಿ ಕಾನೂನುಬದ್ಧವೆಂದಿತು. ಮಿಕ್ಕ 640 ಪೌಂಡಿನ ವಿಷಯದಲ್ಲಿ ಆಧುನಿಕರು ಸುಮ್ಮನೆ ತಲೆ ಕೆಡಿಸಿಕೊಂಡಿದ್ದಾರೆ. ಯಜ್ಞಕ್ಕೂ ಫಲಕ್ಕೂ ನಡುವೆ ಕಣ್ಣಿಗೆ ಕಾಣದೆ ಇರುವ ಆ ವಸ್ತುವನ್ನು ಮೀಮಾಂಸಕರು ಎಂದೋ ಗುರುತಿಸಿ ‘ಅಪೂರ್ವ’ವೆಂದು ಹೆಸರಿಟ್ಟಿದ್ದಾರೆ.