ಪಿಕಪ್ಪಣ್ಣ

ಕಿಬ್ಬನಹಳ್ಳಿ ಕ್ರಾಸಿನ ಟೀ ಅಂಗಡಿಯಲ್ಲಿ ನಿಂತವರು ರಸ್ತೆಯ ಕಡೆ ತಿರುಗದೆಯೇ "ಪಿಕಪ್ಪಣ್ಣ ಬಂದ, ಇನ್ನೊಂದು ಟೀ ಹಾಕು" ಅನ್ನುತ್ತಾರೆ. ಆಗ ಗಾಡಿ ಇನ್ನೂ ತುರುವೇಕೆರೆ ರಸ್ತೆಯ ತೋಟಗಳ ಮರೆಯಲ್ಲೇ ಇರುತ್ತದೆ. ಟೀ ಲೋಟಕ್ಕೆ ಬೀಳುವ ಹೊತ್ತಿಗೆ ಎದುರಿಗೆ ಬಂದು ನಿಲ್ಲುವುದು ಎಲ್ಲ ಊರಲ್ಲೂ ಕಾಣುವಂಥ ಒಂದು ಬಿಳಿ ಬೊಲೆರೊ ಪಿಕಪ್. ಮುಂದಿನ ಗಾಜಿನ ಮೇಲೆ ಮನೆದೇವರ ಹೆಸರು, ಹಿಂದಿನ ಬಾಗಿಲ ಮೇಲೆ "ಅಪ್ಪ ಅಮ್ಮನ ಆಶೀರ್ವಾದ", ಅದರ ಕೆಳಗೆ, ಆ ಆಶೀರ್ವಾದವನ್ನು ಅಪ್ಪ ಅಮ್ಮ ವಾಪಸು ತಗೊಳ್ಳೋಣವೇ ಎಂದು ಯೋಚಿಸುವಂತೆ ಮಾಡಿದ ಕೊಳವೆ.

ಅವನಿಗೆ ಸ್ವಂತ ಹೆಸರೊಂದಿದೆ, ಆಧಾರ್ ಕಾರ್ಡಿನಲ್ಲಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಈ ಮೂರು ತಾಲ್ಲೂಕಿನಲ್ಲಿ ಊರಿಗೊಬ್ಬ ಪಿಕಪ್ಪಣ್ಣ ಇದ್ದೇ ಇರುತ್ತಾನೆ. ದೊಡ್ಡ ಊರಾದರೆ ಇಬ್ಬರು. ಆ ಇಬ್ಬರಿಗೂ ಮಾತಿರುವುದಿಲ್ಲ. ಟೆಂಡರಿನ ದಿನ ತಿಪಟೂರು ಎಪಿಎಂಸಿಗೆ ಕೊಬ್ಬರಿ ಚೀಲ ಹೊಡೆಯುತ್ತಾನೆ. ಉಳಿದ ದಿನ ನಾರಿನ ಫ್ಯಾಕ್ಟರಿಗೆ ಕಾಯಿಮಟ್ಟೆ, ಸಂತೆಗೆ ಕುರಿ, ಮದುವೆ ಮನೆಗೆ ಶಾಮಿಯಾನ. ಸತ್ಯಗಣಪತಿ ಮೆರವಣಿಗೆ ನೋಡಲು ಹೋಗುವ ಅರ್ಧ ಊರೂ ಅವನ ಗಾಡಿಯಲ್ಲೇ.

ಗಾಡಿ ಕೊಳ್ಳುವಾಗ ಅವನು ತಲೆ ಕೆಡಿಸಿಕೊಂಡವನೇ ಅಲ್ಲ. ಮುಂಗಡ ಅಪ್ಪ ಕಟ್ಟಿದರು, ಫೈನಾನ್ಸಿನವನು ಬೆರಳಿಟ್ಟು ತೋರಿಸಿದ ಕಡೆಯೆಲ್ಲ ಇವನು ಸಹಿ ಹಾಕಿದ. ಸೈಲೆನ್ಸರ್ ವಿಷಯಕ್ಕೆ ಬಂದಾಗ ಮಾತ್ರ ದುಡುಕಲಿಲ್ಲ. ಊರೂರು ತಿರುಗಿದ. ನೊಣವಿನಕೆರೆಯಲ್ಲಿ ಯಾರದೋ ಪಿಕಪ್ಪಿಗೆ ಡಬಲ್ ಪೈಪ್ ಇದೆಯಂತೆ ಅಂದರೆ ಅಲ್ಲಿಗೆ, ಹುಳಿಯಾರಿನಲ್ಲಿ ಒಬ್ಬ ವೆಲ್ಡಿಂಗಿನವನು ಒಳಗಿನ ಜಾಲರಿ ಕಿತ್ತು ಕೊಡುತ್ತಾನಂತೆ ಅಂದರೆ ಅಲ್ಲಿಗೆ. ಕಡೆಗೆ ಬೆಂಗಳೂರಿನ ಜೆ.ಸಿ. ರಸ್ತೆಗೂ ಹೋಗಿಬಂದ. ಹೋದಲ್ಲೆಲ್ಲ ಅವನದು ಒಂದೇ ಕೋರಿಕೆ: "ಸ್ವಲ್ಪ ರೇಸ್ ಕೊಡಣ್ಣ." ಕಣ್ಣು ಮುಚ್ಚಿ, ತಲೆ ವಾಲಿಸಿ ಕೇಳುತ್ತಾನೆ. ಸಂಗೀತ ಸಭೆಯ ಮುಂದಿನ ಸಾಲಿನವರೂ ಇಷ್ಟು ಶ್ರದ್ಧೆಯಿಂದ ಕೇಳುವುದಿಲ್ಲ. ಆಮೇಲೆ ತೀರ್ಪು: "ಇದು ತಗಡು ಸೌಂಡು", "ಇದ್ರಲ್ಲಿ ಬೇಸ್ ಇಲ್ಲ", "ಎರಡನೇ ಗೇರಲ್ಲಿ ಚೆನ್ನಾಗೈತೆ, ಮೂರಕ್ಕೆ ಬಂದ್ರೆ ಕೆಮ್ತದೆ." ಮನಸ್ಸಿಗೆ ಬಂದದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ರಾತ್ರಿ ಹೊದ್ದುಕೊಂಡು ಕೇಳುತ್ತಾನೆ.

ಈ ಕಿವಿ ಅವನಿಗೆ ಬಂದದ್ದು ಎಲ್ಲಿಂದ ಎಂದು ಹೊರಗಿನವರಿಗೆ ಆಶ್ಚರ್ಯವಾಗಬಹುದು. ಅಪ್ಪನಿಂದಲೇ ಬಂತು. ತಿಪಟೂರು ಸೀಮೆಯ ಉಂಡೆ ಕೊಬ್ಬರಿ ಬಿಸಿಲಿಗೆ ಹರವಿ ಒಣಗಿಸುವ ಮಾಲಲ್ಲ. ಬಲಿತ ಕಾಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ ಎಂಟು ತಿಂಗಳೋ ಹತ್ತು ತಿಂಗಳೋ ವರ್ಷವೋ ಬಿಡಬೇಕು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಡಬೇಕು. ಬಿಟ್ಟಿತೋ ಇಲ್ಲವೋ ಎಂದು ಒಡೆದು ನೋಡುವ ಹಾಗಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. 'ಗುಳುಕ್' ಅಂದರೆ ಇನ್ನೂ ನೀರಿದೆ, 'ಗಡಗಡ' ಅಂದರೆ ಕೊಬ್ಬರಿಯಾಗಿದೆ. ಅಪ್ಪ ಇಡೀ ಜನ್ಮ ಅಟ್ಟದಲ್ಲಿ ಕೂತು ಕಾಯಿಗೆ ಕಿವಿ ಕೊಟ್ಟವರು. ಮಗನೂ ಕಿವಿ ಕೊಡುತ್ತಾನೆ, ಗಾಡಿಯ ಅಡಿಗೆ ಬಗ್ಗಿ. ಮನೆತನದ ವಿದ್ಯೆ ಹಾಳಾಯಿತು ಎಂದು ಹೇಗೆ ಹೇಳುವುದು?

ಯಾಕಪ್ಪಾ ಇದು ಎಂದು ಕೇಳಿದರೆ ಅವನ ಉತ್ತರ ಶಾಸ್ತ್ರೀಯವಾಗಿರುತ್ತದೆ. "ಗಾಡಿ ಫ್ರೀಯಾಗಿ ಉಸ್ರಾಡ್ಬೇಕು ಕಣಣ್ಣ. ಕಂಪ್ನಿಯೋರು ಮೂಗು ಕಟ್ಟಿ ಕಳಿಸ್ತಾರೆ. ಬಿಚ್ಚಿದ್ರೆ ಪಿಕಪ್ ಬತ್ತದೆ, ಮೈಲೇಜೂ ಬತ್ತದೆ." ಇದರಲ್ಲಿ ಸತ್ಯ ಇಲ್ಲವೆಂದಲ್ಲ, ಪೆಟ್ರೋಲ್ ರೇಸ್ ಕಾರಿನವರು ಹೊಗೆಯ ದಾರಿ ಸಲೀಸು ಮಾಡಿಕೊಂಡು ಲಾಭ ಪಡೆಯುತ್ತಾರೆ. ಆದರೆ ಇವನದು ಟರ್ಬೊ ಡೀಸೆಲ್. ಹೊರಗೆ ಹೋಗುವ ಹೊಗೆಯ ಕಸುವನ್ನು ದಾರಿಯಲ್ಲೇ ಟರ್ಬೊ ಹಿಂಡಿಕೊಂಡಿರುತ್ತದೆ. ಅದನ್ನು ದಾಟಿ ಬಂದ ಸದ್ದು ಸೈಲೆನ್ಸರಿನ ಕೋಣೆಗಳಲ್ಲಿ ಗೋಡೆಗೆ ಬಡಿದು, ತನಗೆ ತಾನೇ ಎದುರಾಗಿ ಸುಸ್ತಾಗಿ ಹೊರಬರುತ್ತದೆ. ಬಾಲದ ಆ ಡಬ್ಬ ಕತ್ತರಿಸಿದರೆ ಎಂಜಿನ್ನಿಗೆ ಸಿಗುವ ಲಾಭ ಅಷ್ಟಕ್ಕಷ್ಟೇ. ಊರಿಗೆ ಸಿಗುವುದು ಮಾತ್ರ ಪೂರ್ತಿ. ಒಂದೂವರೆ ಟನ್ ಕೊಬ್ಬರಿ ಹೇರಿದ ಗಾಡಿ ಮೊದಲು ಹತ್ತುತ್ತಿದ್ದ ಏರನ್ನು ಈಗಲೂ ಅದೇ ಗೇರಿನಲ್ಲಿ ಹತ್ತುತ್ತದೆ, ಹೆಚ್ಚು ಕಷ್ಟಪಟ್ಟವರ ಹಾಗೆ ಕೇಳಿಸುತ್ತದೆ, ಅಷ್ಟೇ.

ಎಂಜಿನ್ನಿನ ಬಾಯಿ ಮುಚ್ಚಿಸುವ ಡಬ್ಬಕ್ಕೆ ಅಮೆರಿಕದ ರೀವ್ಸ್ ಸೋದರರು ಪೇಟೆಂಟ್ ಪಡೆದದ್ದು 1897ರಲ್ಲಿ. ಅವರಿಗೆ ಪಿಕಪ್ಪಣ್ಣನ ಪರಿಚಯ ಇರಲಿಲ್ಲ.

ಗ್ಯಾರೇಜಿನಲ್ಲಿ ಮೇಸ್ತ್ರಿ ಅಡ್ಡ ಬಂದ. 2020ರ ಏಪ್ರಿಲ್ 1ರಿಂದ ಮಾರಾಟವಾದ ಗಾಡಿಗಳೆಲ್ಲ ಬಿಎಸ್ 6. ಅಂಥ ಡೀಸೆಲ್ ಗಾಡಿಯ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರು, ಅದರ ಮೇಲೆ ಕಾವಲಿಗೆ ಸೆನ್ಸರುಗಳು. "ಹಳೇ ಗಾಡಿ ಆಗಿದ್ರೆ ಕೊಯ್ದು ಬೆಸೀತಿದ್ದೆ. ಇದನ್ನ ಮುಟ್ಟಿದ್ರೆ ಮೀಟರ್ ಬೋರ್ಡಲ್ಲಿ ದೀಪ ಉರೀತದೆ, ಗಾಡಿ ಎಳೆಯಲ್ಲ."

"ಉರೀಲಿ ಬಿಡಣ್ಣ. ದೀಪ ಉರಿಯೋದು ಒಳ್ಳೇದಲ್ವಾ?"

ಮೇಸ್ತ್ರಿ ಬೀಡಿ ಹಚ್ಚಿ ರಾಜಿ ಸೂತ್ರ ಹೇಳಿದ: ಫಿಲ್ಟರಿನ ತಂಟೆಗೆ ಹೋಗದೆ, ಅದರ ಹಿಂದಿನ ಡಬ್ಬವನ್ನಷ್ಟೇ ಬಿಚ್ಚಿ ಪೈಪ್ ಎಳೆಯುವುದು. ಎಳೆದ. ಸಂಜೆ ಪಿಕಪ್ಪಣ್ಣ ಊರಿಗೆ ಬಂದಾಗ ಕಟ್ಟೆಯ ಮೇಲಿದ್ದವರು ಎದ್ದು ನಿಂತರು. ಗೌರವಕ್ಕೆ ಎಂದು ಅವನು ತಿಳಿದ.

ಮನೆಯಲ್ಲಿ ಅವ್ವನದು ಬೇರೆ ತಕರಾರು: ಹಾಲು ಕರೆಯುವ ಹೊತ್ತಿಗೆ ಬಂದರೆ ಹಸು ಬಕೆಟ್ ಒದೆಯುತ್ತದೆ. ಅಜ್ಜಿ ಮೊಮ್ಮಗನ ಮದುವೆ ಯಾವಾಗ ಎಂದು ಕೇಳಲು ದಸರೀಘಟ್ಟಕ್ಕೆ ಹೋಗಿದ್ದರು. ಅಲ್ಲಿ ಚೌಡೇಶ್ವರಿ ಅಮ್ಮನವರು ಬರೆದು ಉತ್ತರ ಕೊಡುವುದು ನಾಡಿಗೇ ಗೊತ್ತು. ಬರುವ ವರ್ಷ ಎಂದು ಬಂತಂತೆ. ಸೈಲೆನ್ಸರ್ ಬದಲಾಯಿಸಬೇಕೋ ಬೇಡವೋ ಎಂದೂ ಕೇಳಿಬಿಡು ಅಜ್ಜಿ ಎಂದು ಯಾರೋ ಕಿಚಾಯಿಸಿದರೆ, ಪಿಕಪ್ಪಣ್ಣ ಸಿಟ್ಟಾದ. ಮದುವೆ ದೇವರ ಖಾತೆ, ಸೌಂಡು ಅವನ ಸ್ವಂತದ್ದು.

ಕಾನೂನು ಅವನಿಗೆ ಗೊತ್ತಿಲ್ಲವೇ? ವಕೀಲರಿಗಿಂತ ಚೆನ್ನಾಗಿ ಗೊತ್ತು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕಂಪನಿಯ ಮೂಲ ವಿನ್ಯಾಸ ಮೀರಿ ಗಾಡಿ ಬದಲಾಯಿಸುವುದನ್ನು ತಡೆಯುತ್ತದೆ. 190ರ ಪ್ರಕಾರ ಸದ್ದಿನ ನಿಯಮ ಮೀರಿದರೆ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು, ಮೂರು ತಿಂಗಳು ಲೈಸೆನ್ಸ್‌ಗೆ ರಜೆ. ಪೊಲೀಸರು ಹಿಡಿದ ಸೈಲೆನ್ಸರುಗಳನ್ನು ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸುವ ವಿಡಿಯೋಗಳನ್ನು ಅವನು ಒದ್ದೆ ಕಣ್ಣಿನಿಂದ ನೋಡಿದ್ದಾನೆ. ಅದಕ್ಕೇ ತಿಪಟೂರಿನ ಬಿ.ಎಚ್. ರಸ್ತೆಯಲ್ಲಿ ಟೋಪಿ ಕಂಡರೆ ನ್ಯೂಟ್ರಲ್‌ಗೆ ಹಾಕಿ, ಸಾಲ ಕೊಟ್ಟವರ ಮನೆ ಮುಂದೆ ಹಾಯುವವನ ಹಾಗೆ ಜಾರಿಕೊಳ್ಳುತ್ತಾನೆ.

ನನಗೆ ಅನ್ನಿಸುವುದು, ಅವನಿಗೆ ಬೇಕಾದ್ದು ಎಳೆತವೂ ಅಲ್ಲ, ಮೈಲೇಜೂ ಅಲ್ಲ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 11,750 ಇದ್ದರೆ ಪೇಟೆಯ ಬೆಲೆ ಅದಕ್ಕಿಂತ ಬಹಳ ಕೆಳಗೆ ಬಿತ್ತು. ರೈತರು ತಿಪಟೂರಿನಲ್ಲಿ ಧರಣಿ ಕೂತರು. ಆಗ ಇವನು ಕಂತು ಕಟ್ಟಲಾಗದೆ, ಫೈನಾನ್ಸಿನವನಿಗೆ ಕೇಳಿಸದಂತೆ ಕಂಪನಿ ಸೈಲೆನ್ಸರಿನಲ್ಲೇ ಓಡಾಡಿದ. 2025ರಲ್ಲಿ ಕೊಬ್ಬರಿ 20,000 ದಾಟಿತು. ಮಾಲು ದೆಹಲಿ, ರಾಜಸ್ಥಾನದ ಕಡೆಗೆ ಸದ್ದಿಲ್ಲದೆ ಹೋಯಿತು. ತಂದುಹಾಕಿದವನು ಮೂರು ತಾಲ್ಲೂಕಿಗೂ ಕೇಳಿಸುವಂತೆ ಮನೆಗೆ ಬಂದ. ತಲೆ ತಗ್ಗಿಸಿ ಓಡಾಡಿದ ರಸ್ತೆಯಲ್ಲೇ ಒಮ್ಮೆ ರೇಸ್ ಕೊಡಬೇಕು ಅನ್ನಿಸಿದರೆ, ಕಾನೂನು ಒಪ್ಪದಿದ್ದರೂ, ನನಗೆ ಪೂರ್ತಿ ಸಿಟ್ಟು ಬರುವುದಿಲ್ಲ. ನಮ್ಮ ಮನೆ ರಸ್ತೆಯಿಂದ ಒಳಗಿದೆ ಎಂಬುದೂ ಒಂದು ಕಾರಣ ಇರಬಹುದು.

ಅಪ್ಪ ಈ ಬಗ್ಗೆ ಆಡಿದ್ದು ಒಂದೇ ಮಾತು. ಬಿಚ್ಚಿಟ್ಟ ಕಂಪನಿ ಸೈಲೆನ್ಸರನ್ನು ಗುಜರಿಗೆ ಹಾಕಲು ಹೊರಟಾಗ ತಡೆದರು. "ಲೇ ಮಗ, ಎಫ್.ಸಿ.ಗೆ ಏನ್ ತಗಂಡು ಹೋಗ್ತೀಯ, ಬಾಳೆಹಣ್ಣಾ?" ಸರಕು ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷ ವರ್ಷ ಫಿಟ್ನೆಸ್ ಸರ್ಟಿಫಿಕೇಟ್ ಆಗಬೇಕು. ಡಬ್ಬ ಅಟ್ಟ ಸೇರಿತು, ಕಾಯಿಗಳ ನಡುವೆ. ಎಫ್.ಸಿ. ಬಂದಾಗ ಇಳಿಯುತ್ತದೆ, ಮಾರನೇ ದಿನ ಏರುತ್ತದೆ. ಅಕ್ಕಪಕ್ಕದ ಊರಿನ ಪಿಕಪ್ಪಣ್ಣಂದಿರೂ ಒಯ್ಯುತ್ತಾರೆ. ಬಾಡಿಗೆ ಇಲ್ಲ, ಡೀಸೆಲ್ ಹಾಕಿಸಿದರೆ ಸಾಕು.

ಈ ಸೀಮೆಯಲ್ಲಿ ಸೆಕೆಂಡ್ ಹ್ಯಾಂಡ್ ಪಿಕಪ್ ಕೊಳ್ಳುವವರಿಗೆ ಒಂದು ಮಾತು. ಗಾಡಿ ನೋಡಿ, ಟೈರು ನೋಡಿ, ಆಮೇಲೆ ಯಜಮಾನರನ್ನು ಕೇಳಿ ಅಟ್ಟ ಹತ್ತಿ. ಕಂಪನಿ ಸೈಲೆನ್ಸರ್ ಅಲ್ಲಿದ್ದರೆ ಅದನ್ನೂ ಸೇರಿಸಿಯೇ ರೇಟು ಮಾತಾಡಿ.